ಥ್ರಾಟಲ್ ಸೆನ್ಸರ್ ಬದಲಿಸುವ ಮೊದಲು: ಮನೆಯಂಗಳದಲ್ಲೇ ಮಾಡಬಹುದಾದ ಪರೀಕ್ಷೆ

ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಕಾರು ಒಂದು ಕ್ಷಣ ತಡವರಿಸಿ ಆಮೇಲೆ ಗಕ್ಕನೆ ಮುನ್ನುಗ್ಗುತ್ತದೆ. ಹಂಪ್ ಹತ್ತಿರ ಕ್ಲಚ್ ಒತ್ತಿದ ಕೂಡಲೇ ಎಂಜಿನ್ ಆಫ್. ನಿಂತಲ್ಲೇ ಐಡ್ಲಿಂಗ್ 700 ಆರ್‌ಪಿಎಂಗೂ 1500ಕ್ಕೂ ನಡುವೆ ಏರಿಳಿಯುತ್ತದೆ, ಜೊತೆಗೆ ಹಳದಿ ಚೆಕ್ ಎಂಜಿನ್ ದೀಪ. ಇಷ್ಟು ಹೇಳಿದರೆ ಕಾಸರಗೋಡಿನ ಯಾವ ಗ್ಯಾರೇಜಿನಲ್ಲೂ ‘ಸೆನ್ಸರ್ ಪೋಯಿ’ (ಸೆನ್ಸರ್ ಹೋಯಿತು) ಎಂಬ ಮಾತು ಬೇಗ ಬರುತ್ತದೆ. ಅವರು ಹೇಳುವುದು ಥ್ರಾಟಲ್ ಸೆನ್ಸರನ್ನು, ಅಂದರೆ ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆ ಎಷ್ಟು ತೆರೆದಿದೆ ಎಂದು ಎಂಜಿನ್ ಕಂಪ್ಯೂಟರಿಗೆ ತಿಳಿಸುವ ಭಾಗವನ್ನು. ಹೋಗಿರಲೂಬಹುದು. ಆದರೆ ಸೆನ್ಸರಿಗೆ ಬರುವ ವಯರುಗಳನ್ನು ಮೀಟರ್ ಇಟ್ಟು ನೋಡದೆ ಹೊಸದನ್ನು ತರಲು ಮಂಗಳೂರಿಗೆ ಹೊರಡಬೇಡಿ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಮಂಜೇಶ್ವರದಿಂದ ತ್ರಿಕರಿಪುರದವರೆಗೂ ಉಪ್ಪುಗಾಳಿ ಬೀಸುವ ಜಿಲ್ಲೆ ಇದು. ಇಲ್ಲಿ ಸೆನ್ಸರ್ ಸರಿಯಿದ್ದು ಅದರ ಕನೆಕ್ಟರ್ ಅಥವಾ ಅರ್ತ್ ಕೆಟ್ಟಿರುವ ಸಾಧ್ಯತೆ ಯಾವಾಗಲೂ ಇದೆ. ಅದಕ್ಕೆ ಹೊಸ ಸೆನ್ಸರ್ ಹಾಕಿದರೆ ಎರಡು ವಾರ ಸರಿ ಹೋದಂತೆ ಕಂಡು ಮತ್ತೆ ಅದೇ ಕಥೆ.

ನಿಮ್ಮ ಕಾರು ಯಾವ ಜಾತಿಯದು ಎಂದು ಮೊದಲು ತಿಳಿದುಕೊಳ್ಳಿ. ಬಾನೆಟ್ ಎತ್ತಿ ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಹೋಸ್ ಹಿಡಿದು ಎಂಜಿನ್ ಕಡೆಗೆ ಹೋದರೆ ಅಲ್ಯೂಮಿನಿಯಂ ಥ್ರಾಟಲ್ ಬಾಡಿ ಸಿಗುತ್ತದೆ. ಅದಕ್ಕೆ ಆಕ್ಸಿಲರೇಟರ್ ಕೇಬಲ್ ಬಂದು ಸೇರಿದ್ದರೆ ಹಳೆಯ ಪದ್ಧತಿ. ಎಂಪಿಎಫ್‌ಐ ಮಾರುತಿ 800, ಹಳೆಯ ಆಲ್ಟೊ, ಸ್ಯಾಂಟ್ರೋ ಜಿಂಗ್ ಎಲ್ಲ ಹೀಗೆ. ಕೇಬಲಿನ ಎದುರು ಬದಿಯಲ್ಲಿ ಎರಡು ಸ್ಕ್ರೂ ಹಾಕಿ ಕೂರಿಸಿದ ಕಪ್ಪು ಡಬ್ಬಿಯೇ ಸೆನ್ಸರ್. ಕೇಬಲ್ ಇಲ್ಲದೆ ಆರು ವಯರಿನ ಕನೆಕ್ಟರ್ ಮಾತ್ರ ಇದ್ದರೆ ಅದು ಎಲೆಕ್ಟ್ರಾನಿಕ್ ಥ್ರಾಟಲ್. ಅದರಲ್ಲಿ ಸೆನ್ಸರ್, ಮೋಟಾರು, ಗೇರು ಎಲ್ಲ ಒಂದೇ ಪೆಟ್ಟಿಗೆಯೊಳಗಿದ್ದು ಸಾಮಾನ್ಯವಾಗಿ ಸೆನ್ಸರ್ ಮಾತ್ರ ಬಿಡಿಯಾಗಿ ಸಿಗುವುದಿಲ್ಲ. ಇಡೀ ಬಾಡಿಯ ಬೆಲೆ ತೆರಬೇಕಾದಲ್ಲಿ ಪರೀಕ್ಷೆ ಇನ್ನಷ್ಟು ಮುಖ್ಯ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್ (ಮಿನಿಮಮ್–ಮ್ಯಾಕ್ಸಿಮಮ್ ಹಿಡಿದಿಡುವ ಬಟನ್ ಇದ್ದರೆ ಒಳ್ಳೆಯದು), ನಾಲ್ಕು ಗುಂಡುಪಿನ್ನು, ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ ಒಬಿಡಿ ಅಡಾಪ್ಟರ್ (ಕಾರಿನ ದೋಷದ ಕೋಡುಗಳನ್ನು ಆ್ಯಪಿನಲ್ಲಿ ತೋರಿಸುವ ಸ್ಕ್ಯಾನರ್), ಕಾಂಟ್ಯಾಕ್ಟ್ ಕ್ಲೀನರ್, ಥ್ರಾಟಲ್ ಬಾಡಿ ಕ್ಲೀನರ್, 10 ಎಂಎಂ ಸ್ಪ್ಯಾನರ್, ತುದಿ ಸವೆಯದ ಸ್ಟಾರ್ ಸ್ಕ್ರೂ ಡ್ರೈವರ್. ಮೊದಲ ಅಳತೆ ಬ್ಯಾಟರಿಯದ್ದೇ ಆಗಲಿ. ಎಂಜಿನ್ ಆಫ್ ಇದ್ದಾಗ 12.4 ವೋಲ್ಟಿಗಿಂತ ಮೇಲೆ, ಓಡುವಾಗ 13.5ರಿಂದ 14.5. ಬ್ಯಾಟರಿ ಸೋತಿದ್ದರೆ ಇಸಿಯು, ಅಂದರೆ ಎಂಜಿನ್ ಕಂಪ್ಯೂಟರ್, ನಿಜಕ್ಕೂ ಇಲ್ಲದ ದೋಷಗಳ ಕೋಡುಗಳನ್ನೆಲ್ಲ ತೋರಿಸಿ ದಾರಿ ತಪ್ಪಿಸುತ್ತದೆ.

ಕೋಡ್ ಏನು ಹೇಳುತ್ತದೆ

ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಅಡಾಪ್ಟರ್ ಸಿಕ್ಕಿಸಿ ಕೋಡ್ ಓದಿ, ಬರೆದಿಟ್ಟುಕೊಳ್ಳಿ. ಓದಿದ ಕೂಡಲೇ ಅಳಿಸಬೇಡಿ, ಅದರ ಜೊತೆಗಿರುವ ಫ್ರೀಜ್ ಫ್ರೇಮ್ ಕೂಡ ಹೋಗಿಬಿಡುತ್ತದೆ. ತೊಂದರೆ ಬಂದ ಹೊತ್ತಿಗೆ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಬಿಸಿಯಾಗಿತ್ತೇ ಎಂಬುದು ಅಲ್ಲಿರುತ್ತದೆ.

ಪಿ0122 ಎಂದರೆ ಸಿಗ್ನಲ್ ವೋಲ್ಟೇಜ್ ತೀರಾ ಕಡಿಮೆ, ಪಿ0123 ಎಂದರೆ ತೀರಾ ಹೆಚ್ಚು. ಪಿ0121 ಬಂದರೆ ವೋಲ್ಟೇಜ್ ಮಿತಿಯೊಳಗೇ ಇದೆ, ಆದರೆ ಬೇರೆ ಸೆನ್ಸರುಗಳ ಲೆಕ್ಕಕ್ಕೆ ತಾಳೆಯಾಗುತ್ತಿಲ್ಲ. ಪಿ0124 ಬಿಟ್ಟುಬಿಟ್ಟು ಬರುವ ತೊಂದರೆ. ಎಲೆಕ್ಟ್ರಾನಿಕ್ ಥ್ರಾಟಲಿನಲ್ಲಿ ಪಿ2135 ಬಂದರೆ ಒಳಗಿನ ಎರಡು ಸೆನ್ಸರುಗಳು ಒಂದಕ್ಕೊಂದು ಹೊಂದುತ್ತಿಲ್ಲ. ಪಿ2138 ಬಂದರೆ ಬಾನೆಟ್ ಎತ್ತುವ ಮೊದಲು ಕಾಲಬುಡ ನೋಡಿ, ಅದು ಪೆಡಲ್ ಸೆನ್ಸರಿನದ್ದು.

ಇಲ್ಲಿ ಒಂದು ತರ್ಕ ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಕೇಬಲ್ ಥ್ರಾಟಲಿನ ಸೆನ್ಸರ್ ಹಳೆಯ ರೇಡಿಯೋದ ವಾಲ್ಯೂಮ್ ತಿರುಪಿನಂತೆ. ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಗೆ ಅರ್ತ್, ನಡುವೆ ಕಾರ್ಬನ್ ಪಟ್ಟಿಯ ಮೇಲೆ ಓಡಾಡುವ ಮುಳ್ಳಿನಿಂದ ಸಿಗ್ನಲ್. 5 ವೋಲ್ಟಿನ ವಯರು ತುಂಡಾದರೆ ಸಿಗ್ನಲ್ ಸೊನ್ನೆಗೆ ಬೀಳುತ್ತದೆ, ಆಗ ಪಿ0122. ಅರ್ತ್ ತುಂಡಾದರೆ ಸಿಗ್ನಲ್ 5ಕ್ಕೆ ಏರಿ ಕೂರುತ್ತದೆ, ಆಗ ಪಿ0123. ಎರಡೂ ಸಂದರ್ಭದಲ್ಲಿ ಸೆನ್ಸರ್ ಗಟ್ಟಿಯಾಗಿಯೇ ಇದೆ.

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಆ್ಯಪಿನ ಲೈವ್ ಡೇಟಾದಲ್ಲಿ (ಆ ಕ್ಷಣದ ಅಂಕಿಗಳಲ್ಲಿ) ಥ್ರಾಟಲ್ ಪೊಸಿಷನ್ ನೋಡಿ. ಕಾಲು ಇಡದಿದ್ದಾಗಲೂ ಅದು 10ರಿಂದ 20 ಶೇಕಡಾ ತೋರಿಸಬಹುದು, ಪೂರ್ತಿ ಒತ್ತಿದರೂ 100 ಮುಟ್ಟದಿರಬಹುದು. ಇದು ದೋಷವಲ್ಲ, ಬಹಳ ಮಂದಿ ಇಲ್ಲೇ ಗಾಬರಿಯಾಗುತ್ತಾರೆ. ನೋಡಬೇಕಾದ್ದು ಸಂಖ್ಯೆ ತಡೆಯಿಲ್ಲದೆ ಏರುತ್ತದೆಯೇ, ಬಿಟ್ಟಾಗ ಪ್ರತಿಸಲವೂ ಅದೇ ಜಾಗಕ್ಕೆ ಮರಳುತ್ತದೆಯೇ ಎಂದು.

ಕನೆಕ್ಟರ್

ಕೀ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಕನೆಕ್ಟರ್ ಬಿಚ್ಚಿ. ಲಾಕಿನ ನಾಲಗೆ ಬಿಸಿಗೆ ಒಣಗಿ ಸುಲಭವಾಗಿ ಮುರಿಯುತ್ತದೆ, ಒತ್ತಿ ಹಿಡಿದು ಪ್ಲಾಸ್ಟಿಕ್ ಭಾಗವನ್ನೇ ಎಳೆಯಬೇಕು, ವಯರನ್ನಲ್ಲ. ಒಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರು ಅಥವಾ ಬಿಳಿ ಕಿಲುಬು, ತೇವ, ಒಳಗೆ ಸರಿದುಹೋದ ಪಿನ್ನು, ಅಂಚು ಹರಿದ ರಬ್ಬರ್ ಸೀಲ್, ಇವುಗಳಲ್ಲಿ ಯಾವುದಿದ್ದರೂ ತೊಂದರೆಗೆ ಅಷ್ಟೇ ಸಾಕು. ಮಳೆಗಾಲದಲ್ಲಿ ಪ್ರೆಶರ್ ವಾಶ್ ಮಾಡಿಸಿದ ಮರುದಿನ ಶುರುವಾದ ಜರ್ಕ್ ಆಗಿದ್ದರೆ ಬೇರೆಲ್ಲೂ ಹುಡುಕುವ ಮೊದಲು ಇಲ್ಲೇ ಹುಡುಕಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆದು ಬ್ರಶ್ಶಿನಿಂದ ಉಜ್ಜಿ, ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಸೀಲಿನ ಸುತ್ತ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ತೆಂಗಿನೆಣ್ಣೆ, ಎಂಜಿನ್ ಆಯಿಲ್ ಖಂಡಿತ ಬೇಡ.

ಅಲ್ಲಿಂದ ವಯರಿನ ಗುಂಟ ಒಂದೂವರೆ ಅಡಿ ಹಿಂದಕ್ಕೆ ಕೈಯಾಡಿಸಿ. ತೋಟದ ಮನೆಗಳಲ್ಲಿ, ಅಡಿಕೆ ರಾಶಿ ಹಾಕಿದ ಶೆಡ್ಡಿನ ಪಕ್ಕ ನಿಲ್ಲಿಸುವ ಕಾರುಗಳಲ್ಲಿ ಇಲಿ ಕಚ್ಚಿದ ವಯರು ಅಪರೂಪವಲ್ಲ. ಎಂಜಿನ್ ಮೇಲೆ ತೆಂಗಿನ ನಾರು, ಅಡಿಕೆ ಸಿಪ್ಪೆ ಬಿದ್ದಿದ್ದರೆ ಹತ್ತಿರದಲ್ಲೇ ಗೂಡಿದೆ ಎಂದರ್ಥ. ಹೊರಗಿನ ಪ್ಲಾಸ್ಟಿಕ್ ಸರಿಯಿದ್ದು ಒಳಗಿನ ತಾಮ್ರ ಮಾತ್ರ ತುಂಡಾಗಿರುವುದೂ ಉಂಟು. ಅಲ್ಲಿ ವಯರನ್ನು ಮೆಲ್ಲಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ.

ಮೂರು ವಯರು, ಮೂರು ಅಳತೆ

ಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಮೇಲೆಯೇ ಇರಲಿ, ಹತ್ತಿರದ ಬೋಲ್ಟಿನ ಮೇಲೆ ಬೇಡ. ಕನೆಕ್ಟರ್ ಬಿಚ್ಚಿದ್ದಾಗ ಕೀ ಆನ್ ಮಾಡಿ, ವಯರಿನ ಬದಿಯ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ. ಒಂದರಲ್ಲಿ 4.8ರಿಂದ 5.2 ವೋಲ್ಟ್ ಬರಬೇಕು. ಸಿಗ್ನಲ್ ಪಿನ್ನಿನಲ್ಲಿ ಕೆಲವು ಕಾರುಗಳಲ್ಲಿ ಸೊನ್ನೆ, ಕೆಲವುಗಳಲ್ಲಿ 5ರ ಹತ್ತಿರ ಬರುತ್ತದೆ. ಅದು ಇಸಿಯು ಒಳಗಿನ ಜೋಡಣೆಯನ್ನು ಅವಲಂಬಿಸಿದ್ದು, ಎರಡೂ ಸರಿಯೇ.

5 ವೋಲ್ಟ್ ಬರಲೇ ಇಲ್ಲವೇ? ಇಸಿಯು ಸುಟ್ಟಿತು ಎಂದುಕೊಳ್ಳಬೇಡಿ. ಆ 5 ವೋಲ್ಟಿನ ಲೈನನ್ನು ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು), ಎಸಿ ಪ್ರೆಶರ್ ಸೆನ್ಸರ್ ಮುಂತಾದವೂ ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಎಲ್ಲದರ ವೋಲ್ಟೇಜ್ ಕುಸಿಯುತ್ತದೆ. ಮೀಟರ್ ಹಾಗೇ ಇಟ್ಟುಕೊಂಡು ಒಂದೊಂದೇ ಸೆನ್ಸರಿನ ಕನೆಕ್ಟರ್ ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಕಳ್ಳ. ಪಿ0641 ಅಥವಾ ಪಿ0651 ಕೂಡ ಬಂದಿದ್ದರೆ ಈ ಪರೀಕ್ಷೆಯಿಂದಲೇ ಶುರುಮಾಡಿ.

ಅರ್ತ್ ಅಳೆಯಲು ಎಲ್ಲವನ್ನೂ ಮತ್ತೆ ಸಿಕ್ಕಿಸಿ, ಎಂಜಿನ್ ಸ್ಟಾರ್ಟ್ ಮಾಡಿ. ಕನೆಕ್ಟರಿನ ಹಿಂಬದಿಯಿಂದ ಅರ್ತ್ ವಯರಿನ ಪಕ್ಕ ಗುಂಡುಪಿನ್ ಮೆಲ್ಲಗೆ ಒಳತಳ್ಳಿ ಅದಕ್ಕೆ ಕೆಂಪು ಪ್ರೋಬ್ ಹಿಡಿಯಿರಿ. ವಯರಿನ ಪ್ಲಾಸ್ಟಿಕ್ಕನ್ನು ಚುಚ್ಚಬೇಡಿ, ಚುಚ್ಚಿದ ತೂತಿನಲ್ಲಿ ಉಪ್ಪುನೀರು ಇಳಿದು ಮುಂದಿನ ಮಳೆಗಾಲಕ್ಕೆ ಹೊಸ ತೊಂದರೆ ಸಿದ್ಧವಾಗುತ್ತದೆ. ಮೀಟರ್ 0.05 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದಾಗ 0.1 ದಾಟಿದರೆ ಅರ್ತ್ ಕೆಟ್ಟಿದೆ. ಬ್ಯಾಟರಿ ನೆಗೆಟಿವಿನಿಂದ ಬಾಡಿಗೆ, ಎಂಜಿನ್ನಿಗೆ ಹೋಗುವ ಕೇಬಲುಗಳ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಜ್ಜಿ ಬಿಗಿಯಿರಿ. ಈ ಒಂದು ಅಳತೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಸುವುದೂ ಇದೇ.

ಕೊನೆಗೆ ಸಿಗ್ನಲ್. ಎಂಜಿನ್ ಆಫ್ ಮಾಡಿ, ಕೀ ಆನ್, ಕನೆಕ್ಟರ್ ಸಿಕ್ಕಿಸಿದ್ದಂತೆಯೇ ಸಿಗ್ನಲ್ ವಯರಿಗೆ ಗುಂಡುಪಿನ್. ಥ್ರಾಟಲ್ ಮುಚ್ಚಿದ್ದಾಗ ಸಾಮಾನ್ಯವಾಗಿ 0.5ರಿಂದ 0.9 ವೋಲ್ಟ್, ಪೂರ್ತಿ ತೆರೆದಾಗ 4ರಿಂದ 4.7. ಮುಚ್ಚಿದಲ್ಲಿಂದ ತೆರೆಯುವವರೆಗೆ ಹತ್ತು ಸೆಕೆಂಡು ತೆಗೆದುಕೊಂಡು ಕೇಬಲಿನ ಚಕ್ರವನ್ನು ಕೈಯಿಂದ ತಿರುಗಿಸಿ. ವೋಲ್ಟೇಜ್ ಎಲ್ಲೂ ಹಿಂದಕ್ಕೆ ಬೀಳಬಾರದು, ಜಿಗಿಯಬಾರದು. ಮೊದಲ ಕಾಲುಭಾಗದಲ್ಲಿ ಇನ್ನೂ ನಿಧಾನ ಮಾಡಿ. ಊರೊಳಗಿನ ಓಡಾಟದಲ್ಲಿ ಕಾಲು ಇರುವುದೇ ಅಷ್ಟರಲ್ಲಿ, ಕಾರ್ಬನ್ ಪಟ್ಟಿ ಸವೆಯುವುದೂ ಅಲ್ಲೇ. 0.9, 1.0, 1.1 ಎಂದು ಏರುತ್ತಿದ್ದುದು ಒಮ್ಮೆಲೆ 0.2ಕ್ಕೆ ಬಿದ್ದು ಮತ್ತೆ 1.3ಕ್ಕೆ ಹಾರಿದರೆ ಸೆನ್ಸರ್ ಸವೆದಿದೆ, ಸಂಶಯ ಬೇಡ. ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಸಂಖ್ಯೆ ಬದಲಿಸುವುದರಿಂದ ಚಿಕ್ಕ ಕುಸಿತ ತಪ್ಪಿಹೋಗಬಹುದು. ಮಿನಿಮಮ್–ಮ್ಯಾಕ್ಸಿಮಮ್ ಬಟನ್ ಒತ್ತಿ ಇನ್ನೊಮ್ಮೆ ತಿರುಗಿಸಿ, ಇಲ್ಲವಾದರೆ ಮುಳ್ಳಿನ ಹಳೆಯ ಮೀಟರ್ ಬಳಸಿ. ಅದರ ಮುಳ್ಳು ತಟಕ್ಕನೆ ಅಲುಗುವುದು ಕಣ್ಣಿಗೆ ಬೀಳುತ್ತದೆ. ಇದೇ ಹೊತ್ತಿಗೆ ಇನ್ನೊಬ್ಬರು ವಯರನ್ನು ಅಲುಗಾಡಿಸಲಿ, ಸೆನ್ಸರಿನ ಮೇಲೆ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಲಿ.

ಸೆನ್ಸರಿನಲ್ಲಿ ವೋಲ್ಟೇಜ್ ಸರಿಯಿದ್ದೂ ಸ್ಕ್ಯಾನರಿನಲ್ಲಿ ತಪ್ಪು ಬರುತ್ತಿದ್ದರೆ ವಯರು ನಡುವೆ ಕೆಟ್ಟಿರಬಹುದು. ಕನೆಕ್ಟರ್ ಬಿಚ್ಚಿ, 5 ವೋಲ್ಟಿನ ಪಿನ್ನನ್ನೂ ಸಿಗ್ನಲ್ ಪಿನ್ನನ್ನೂ ತುಂಡು ವಯರಿನಿಂದ ಜೋಡಿಸಿ ಲೈವ್ ಡೇಟಾ ನೋಡಿ. 100ರ ಹತ್ತಿರ ಹಾರಿದರೆ ಸಿಗ್ನಲ್ ವಯರೂ ಇಸಿಯುವೂ ಸರಿ. ಮೂರು ವಯರಿನ ಸೆನ್ಸರಿಗೆ ಮಾತ್ರ ಈ ಪರೀಕ್ಷೆ. ಬ್ಯಾಟರಿಯ 12 ವೋಲ್ಟನ್ನು ಈ ಪಿನ್ನುಗಳಿಗೆ ತಾಗಿಸಿದರೆ ಇಸಿಯು ಅಲ್ಲೇ ಮುಗಿಯಿತು.

ಕೇಬಲ್ ಇಲ್ಲದ ಕಾರುಗಳಲ್ಲಿ

ಎಲೆಕ್ಟ್ರಾನಿಕ್ ಥ್ರಾಟಲಿನ ತಟ್ಟೆಯನ್ನು ಕೀ ಆನ್ ಇದ್ದಾಗ ಬೆರಳಿನಿಂದ ಮುಟ್ಟಲೇಬೇಡಿ. ಮೋಟಾರು ಅದನ್ನು ಜೋರಾಗಿ ಮುಚ್ಚುತ್ತದೆ, ಬೆರಳು ಜಜ್ಜಿಹೋಗುತ್ತದೆ. ತಟ್ಟೆಯ ಚಲನೆ ಬೇಕಾದರೆ ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಸ್ಕ್ಯಾನರ್ ನೋಡಲಿ. ಒಳಗೆ ಎರಡು ಸಿಗ್ನಲ್‌ಗಳಿರುತ್ತವೆ. ಅನೇಕ ಕಾರುಗಳಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಎರಡನ್ನು ಕೂಡಿಸಿದರೆ ಯಾವಾಗಲೂ 5ರ ಹತ್ತಿರ. ಪೆಡಲಿನಲ್ಲೂ ಎರಡು ಸಿಗ್ನಲ್, ಸಾಮಾನ್ಯವಾಗಿ ಒಂದು ಇನ್ನೊಂದರ ಅರ್ಧ: ಒಂದು 0.75 ಇದ್ದಾಗ ಮತ್ತೊಂದು 0.37ರ ಆಸುಪಾಸು. ಈ ಹೊಂದಾಣಿಕೆ ತಪ್ಪಿದ ಕೂಡಲೇ ಕಾರು ಲಿಂಪ್ ಮೋಡಿಗೆ (ಶಕ್ತಿ ತಗ್ಗಿಸಿ ಕುಂಟುತ್ತಾ ಓಡುವ ಸ್ಥಿತಿಗೆ) ಹೋಗಿ, ಎಷ್ಟು ಒತ್ತಿದರೂ ಆರ್‌ಪಿಎಂ ಹೆಚ್ಚು ಏರುವುದಿಲ್ಲ. ಡೀಸೆಲ್ ಕಾರುಗಳಲ್ಲಿ ಲಿಂಪ್ ಮೋಡ್ ಬಂದರೆ ಥ್ರಾಟಲಿಗಿಂತ ಪೆಡಲ್ ಸೆನ್ಸರನ್ನೇ ಮೊದಲು ಸಂಶಯಿಸಿ. ಒದ್ದೆ ಚಪ್ಪಲಿಯ ನೀರು, ಕೆಂಪು ಮಣ್ಣು ಮ್ಯಾಟಿನ ಮೇಲಿಂದ ಅದರ ಕನೆಕ್ಟರಿಗೆ ತಲುಪುತ್ತದೆ. ಅಲ್ಲಿ ಕೈಹಾಕುವಾಗ ಹಳದಿ ಕನೆಕ್ಟರುಗಳನ್ನು ಮುಟ್ಟಬೇಡಿ, ಅವು ಏರ್‌ಬ್ಯಾಗಿನವು. ಈ ಹೊಸ ಸೆನ್ಸರುಗಳಲ್ಲಿ ಹಲವು ಹಾಲ್ ಮಾದರಿಯವು (ಕಾರ್ಬನ್ ಪಟ್ಟಿಯ ಬದಲು ಅಯಸ್ಕಾಂತದಿಂದ ಕೆಲಸ ಮಾಡುವಂಥವು), ಓಮ್ ಮೀಟರಿಟ್ಟು ಅಳೆದರೆ ಏನೂ ತಿಳಿಯದು.

ಪಿ0121 ಮಾತ್ರ ಬಂದಿದ್ದರೆ ಅಥವಾ ಕೋಡೇ ಇಲ್ಲದೆ ಐಡ್ಲಿಂಗ್ ಕುಣಿಯುತ್ತಿದ್ದರೆ ಮೊದಲು ಥ್ರಾಟಲ್ ಬಾಡಿಯ ಮಸಿ ತೆಗೆಯಿರಿ. ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿ. ನೇರ ಹೊಡೆದರೆ ಶಾಫ್ಟಿನ ಮೂಲಕ ಸೆನ್ಸರಿನೊಳಗೆ ಇಳಿಯುತ್ತದೆ. ಪೆಟ್ರೋಲ್, ಉಪ್ಪುಕಾಗದ ಬೇಡ, ಕೆಲವು ಬಾಡಿಗಳಲ್ಲಿ ಒಳಗೆ ತೆಳುವಾದ ಲೇಪವಿದೆ. ಬಿರಿದ ವ್ಯಾಕ್ಯೂಮ್ ಹೋಸ್, ಬಿಗಿಯಾದ ಕೇಬಲ್ ಕೂಡ ಇದೇ ಲಕ್ಷಣ ಕೊಡುತ್ತವೆ.

ಬದಲಿಸುವುದಾದರೆ

ಹೊಸ ಸೆನ್ಸರನ್ನು ಚೇಸಿಸ್ ನಂಬರ್ ಕೊಟ್ಟೇ ತರಿಸಿ. ಒಂದೇ ಮಾಡೆಲಿನಲ್ಲೂ ವರ್ಷ ಬದಲಾದಾಗ ಪಿನ್ನುಗಳ ಕ್ರಮ ಬದಲಾಗಿರಬಹುದು. ಹಳೆಯದನ್ನು ಬಿಚ್ಚುವ ಮೊದಲು ಅದು ಕೂತ ಜಾಗಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಕಬ್ಬಿಣದ ಸ್ಕ್ರೂ ಅಲ್ಯೂಮಿನಿಯಂನಲ್ಲಿ ಉಪ್ಪುಗಾಳಿಗೆ ಕಚ್ಚಿಕೊಂಡಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಸೆನ್ಸರಿನ ಸ್ಕ್ರೂ ತೂತು ಉದ್ದವಾಗಿದ್ದರೆ ಸೆನ್ಸರನ್ನು ಸ್ವಲ್ಪ ತಿರುಗಿಸಿ ಮುಚ್ಚಿದ ಸ್ಥಿತಿಯ ವೋಲ್ಟೇಜನ್ನು ನಿಮ್ಮ ಕಾರಿನ ಮ್ಯಾನ್ಯುಯಲ್ ಹೇಳುವ ಅಂಕಿಗೆ ತಂದು ಬಿಗಿಯಿರಿ. ಥ್ರಾಟಲ್ ಪೂರ್ತಿ ಮುಚ್ಚದಂತೆ ತಡೆಯುವ, ಬಣ್ಣ ಹಚ್ಚಿ ಸೀಲ್ ಮಾಡಿದ ಸ್ಟಾಪ್ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಸರಿಮಾಡಲು ಹೋಗಬೇಡಿ.

ಕೋಡ್ ಅಳಿಸಿ. ಅನೇಕ ಕಾರುಗಳಲ್ಲಿ ಪೆಡಲ್ ಮುಟ್ಟದೆ ಕೀ ಆನ್ ಮಾಡಿ ಅರ್ಧ ನಿಮಿಷ, ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು, ಆಮೇಲೆ ಸ್ಟಾರ್ಟ್ ಮಾಡಿ ಎಸಿ ಹಾಕದೆ ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಐಡ್ಲಿಂಗಿನಲ್ಲೇ ಬಿಟ್ಟರೆ ಇಸಿಯು ಹೊಸ ಅಂಕಿಯನ್ನು ಕಲಿಯುತ್ತದೆ. ಕೆಲವಕ್ಕೆ ಸ್ಕ್ಯಾನರಿನಿಂದಲೇ ಅಡಾಪ್ಟೇಶನ್ ಮಾಡಬೇಕು. ಆಮೇಲೆ ಹೈವೇಯ ಸರ್ವಿಸ್ ರಸ್ತೆಯಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಪೆಡಲನ್ನು ಕಾಲುಭಾಗದಷ್ಟೇ ಒತ್ತಿ ಓಡಿಸಿ, ಬಳಿಕ ಚೆರ್ಕಳದಿಂದ ಮುಳ್ಳೇರಿಯದ ಕಡೆಗಿನಂಥ ಏರು ಹತ್ತಿಸಿ. ಅಡಾಪ್ಟರ್ ಹಾಗೇ ಇದ್ದು ಆ್ಯಪಿನಲ್ಲಿ ಥ್ರಾಟಲ್, ಆರ್‌ಪಿಎಂ ರೆಕಾರ್ಡ್ ಆಗುತ್ತಿರಲಿ. ಜರ್ಕ್ ಮತ್ತೆ ಬಂದ ಕ್ಷಣದಲ್ಲಿ ಥ್ರಾಟಲ್ ಗೆರೆ ನೇರವಾಗಿದ್ದು ಆರ್‌ಪಿಎಂ ಮಾತ್ರ ಬಿದ್ದಿದ್ದರೆ ಇಗ್ನಿಷನ್ ಕಾಯಿಲ್, ಪ್ಲಗ್, ಪೆಟ್ರೋಲ್ ಪಂಪಿನ ಕಡೆ ತಿರುಗಿ.