ಮೀನಿನ ಜೀನೋಮ್ ಕೆಲಸಕ್ಕೆ ಪೋಸ್ಟ್‌ಡಾಕ್ ಹುಡುಕುವುದು ಹೇಗೆ

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದ ಮೇಲೆ ಒಂದು ಲ್ಯಾಬಿನಲ್ಲಿ ಕೆಲವು ವರ್ಷ ಮಾಡುವ ಸಂಶೋಧನಾ ಹುದ್ದೆ; ಜೀನೋಮ್ ಅಂದರೆ ಒಂದು ಜೀವಿಯ ಇಡೀ ಡಿಎನ್‌ಎ. ಪಿಎಚ್‌ಡಿ ಪ್ರಬಂಧ ಸಲ್ಲಿಸಲು ಇನ್ನೂ ಒಂದು ವರ್ಷ ಇರುವಾಗಲೇ ಈ ಹುದ್ದೆಯ ಹುಡುಕಾಟ ಶುರು ಮಾಡಿ. ನಾನು ಸಲ್ಲಿಸಿದ ಮೇಲೆ ಶುರು ಮಾಡಿದ್ದರಿಂದ ಹನ್ನೊಂದು ತಿಂಗಳು ಸಂಬಳವಿಲ್ಲದೆ ಕಳೆಯಬೇಕಾಯಿತು. ಫೆಲೋಶಿಪ್ ಅರ್ಜಿ ಹಾಕಿ ಫಲಿತಾಂಶ ಬರಲು, ಬಂದ ಮೇಲೆ ವೀಸಾ ಕೈಸೇರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ನನ್ನ ಪಿಎಚ್‌ಡಿ ಹಲ್ಲಿಗಳ ಮೇಲೆ. ಮೀನು ಮುಟ್ಟಿಯೇ ಇಲ್ಲವಲ್ಲ ಎಂದು ನೀವೂ ಹಿಂಜರಿಯಬೇಡಿ. ಲ್ಯಾಬುಗಳು ನೋಡುವುದು ನಿಮ್ಮ ಪ್ರಶ್ನೆಯನ್ನು ಮತ್ತು ಡೇಟಾ ನಿಭಾಯಿಸುವ ಕೈಯನ್ನು. ಹಾಗಾಗಿ ಮೊದಲು ಪ್ರಶ್ನೆ ಆರಿಸಿಕೊಳ್ಳಿ, ಮೀನು ತಾನಾಗಿ ಸಿಗುತ್ತದೆ. ಒಂದೇ ಬದಲಾವಣೆ ಬೇರೆ ಬೇರೆ ಕಡೆ ಮತ್ತೆ ಮತ್ತೆ ಹೇಗೆ ಆಗುತ್ತದೆ ಎಂಬ ಕುತೂಹಲವಿದ್ದರೆ ಸ್ಟಿಕಲ್‌ಬ್ಯಾಕ್ ಇದೆ: ಹಿಮಯುಗ ಮುಗಿದ ಮೇಲೆ ಕಡಲಿನಿಂದ ಕೆರೆ-ಹೊಳೆಗಳಿಗೆ ಬಂದ ಈ ಮೀನು ಎಷ್ಟೋ ಕಡೆ ಮೈಮೇಲಿನ ಮೂಳೆ ಫಲಕಗಳನ್ನು ಕಳೆದುಕೊಂಡಿತು, ಹೆಚ್ಚಿನ ಕಡೆ ಇಡಿಎ ಎಂಬ ಒಂದೇ ಜೀನಿನ ಹಳೆಯ ರೂಪದಿಂದ. ಪ್ರಭೇದಗಳು ಬೇಗ ಬೇಗ ಹುಟ್ಟುವುದು ಹೇಗೆ ಎಂದು ಕೇಳುವವರಿಗೆ ಸಿಕ್ಲಿಡ್. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ ಸುಮಾರು 15,000 ವರ್ಷಗಳಲ್ಲಿ ಐನೂರರಷ್ಟು ಪ್ರಭೇದಗಳಾದವು. ಇಡೀ ಜೀನೋಮೇ ಇಮ್ಮಡಿಯಾದರೆ ಆ ಜೋಡಿ ಜೀನುಗಳ ಗತಿ ಏನು ಎಂಬುದು ನಿಮ್ಮ ಪ್ರಶ್ನೆಯಾದರೆ ಸಾಲ್ಮನ್ ಗುಂಪು. ಪ್ರಶ್ನೆಗೆ ತಕ್ಕಂತೆ ಕಲಿಯಬೇಕಾದ್ದೂ ಬೇರೆ. ಸಿಕ್ಲಿಡ್‌ಗೆ ಸಂಕರಣದ (ಬೇರೆ ಪ್ರಭೇದಗಳು ಕೂಡಿ ಜೀನುಗಳು ಬೆರೆಯುವುದರ) ಗುರುತು ಹಿಡಿಯುವ ವಿಶ್ಲೇಷಣೆ ಬರಬೇಕು. ಆಸ್ಟ್ರೇಲಿಯಾದ ಲಂಗ್‌ಫಿಶ್ ಜೀನೋಮ್ ಸುಮಾರು 43 ಗಿಗಾಬೇಸ್ (ಒಂದು ಗಿಗಾಬೇಸ್‌ಗೆ ನೂರು ಕೋಟಿ ಡಿಎನ್‌ಎ ಅಕ್ಷರ), ಅಂದರೆ ಮನುಷ್ಯನದರ ಹದಿನಾಲ್ಕು ಪಟ್ಟು. ಅಲ್ಲಿ ಓದಿದ ತುಂಡುಗಳನ್ನು ಸೇರಿಸಿ ಇಡೀ ಜೀನೋಮ್ ಕಟ್ಟುವ ಜೋಡಣೆಯಲ್ಲಿ ನುರಿತಿರಬೇಕು.

ಈಗ ಲ್ಯಾಬುಗಳಿಗೆ ಬರೆಯುವ ಪತ್ರದ ವಿಷಯ. ನನ್ನ ಮೊದಲ ಹದಿನಾಲ್ಕು ಪತ್ರಗಳಲ್ಲಿ ‘ನಿಮ್ಮ ಸಂಶೋಧನೆ ನನಗೆ ತುಂಬಾ ಇಷ್ಟ’ ಎಂದೇ ಬರೆದಿದ್ದೆ. ಉತ್ತರ ಬಂದದ್ದು ಎರಡಕ್ಕೆ, ಎರಡೂ ‘ಜಾಗವಿಲ್ಲ’. ಹದಿನೈದನೆಯದಕ್ಕೆ ಮೊದಲು ಎರಡು ವಾರ ಕೂತು, ಆ ಲ್ಯಾಬ್ ಆಗಲೇ ಪ್ರಕಟಿಸಿದ್ದ ಸೀಕ್ವೆನ್ಸ್‌ಗಳನ್ನು (ಓದಿಟ್ಟ ಡಿಎನ್‌ಎ ಅಕ್ಷರಗಳ ಸಾಲುಗಳನ್ನು) ಸಾರ್ವಜನಿಕ ಸಂಗ್ರಹದಿಂದ ಇಳಿಸಿಕೊಂಡೆ. ಒಂದೇ ಕ್ರೋಮೋಸೋಮ್ ತೆಗೆದುಕೊಂಡು ತುಂಡು ತುಂಡಾಗಿ ಪಿಸಿಎ ಮಾಡಿದೆ, ಅಂದರೆ ಡಿಎನ್‌ಎ ಹೋಲಿಕೆ ನೋಡಿ ಮೀನುಗಳನ್ನು ಚಿತ್ರದಲ್ಲಿ ಹತ್ತಿರ-ದೂರ ಇಡುವ ಲೆಕ್ಕ. ಒಂದು ತುಂಡಿನಲ್ಲಿ ಮೀನುಗಳು ಅಚ್ಚುಕಟ್ಟಾಗಿ ಮೂರು ಗುಂಪಾಗಿ ನಿಂತವು. ನಡುವಿನ ಗುಂಪಿನಲ್ಲಿ ಹೆಟೆರೊಜೈಗಸ್ ತಾಣಗಳು, ಅಂದರೆ ತಾಯಿ-ತಂದೆಯಿಂದ ಬಂದ ಎರಡು ಪ್ರತಿಗಳು ಬೇರೆ ಬೇರೆ ಇರುವ ಜಾಗಗಳು, ಹೆಚ್ಚು. ಕ್ರೋಮೋಸೋಮಿನ ಆ ಭಾಗ ತಿರುವುಮುರುವಾಗಿರಬಹುದು ಎನ್ನುವುದಕ್ಕೆ ಇದು ಒಳ್ಳೆಯ ಸುಳಿವು. ಆ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು, ಇದನ್ನು ಖಚಿತಪಡಿಸಲು ಡಿಎನ್‌ಎಯನ್ನು ಉದ್ದುದ್ದ ತುಂಡುಗಳಾಗಿ ಓದುವ ಲಾಂಗ್-ರೀಡ್ ಸೀಕ್ವೆನ್ಸಿಂಗ್ ಬೇಕು ಎಂಬ ಮಾತು, ಸಿವಿ. ಅಷ್ಟೇ ಕಳಿಸಿದೆ. ಮರುದಿನವೇ ಉತ್ತರ ಬಂತು. ಈಗ ನನ್ನದೇ ಲ್ಯಾಬ್ ಇದೆ; ಅಲ್ಲಿಗೆ ಬರುವ ಅರ್ಜಿಗಳಲ್ಲೂ ನಾನು ಹುಡುಕುವುದು ಇಂಥ ನಾಲ್ಕು ಸಾಲುಗಳನ್ನೇ.

ಹಣಕ್ಕೆ ಎರಡು ದಾರಿ. ಪ್ರಾಧ್ಯಾಪಕರ ಗ್ರಾಂಟ್‌ನಲ್ಲಿ ಕರೆಯುವ ಹುದ್ದೆ ಒಂದು. ಅದರಲ್ಲಿ ವಿಷಯ ಬಹುಪಾಲು ಅವರದು. ಸ್ವಂತ ಫೆಲೋಶಿಪ್ ಇನ್ನೊಂದು. ಯುರೋಪಿನ ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಫೆಲೋಶಿಪ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು, ಆದರೆ ಹೋಗಬೇಕೆಂದಿರುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12ಕ್ಕಿಂತ ಹೆಚ್ಚು ತಿಂಗಳು ಇದ್ದಿರಬಾರದು. ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಬರುತ್ತದೆ, ಆದ್ದರಿಂದ ಏಪ್ರಿಲ್‌ನಲ್ಲೇ ಲ್ಯಾಬ್ ಜೊತೆ ಮಾತು ಮುಗಿದಿರಲಿ. ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ನಾಲ್ಕು ವರ್ಷ ಮೀರಿರಬಾರದು. ಎಚ್‌ಎಫ್‌ಎಸ್‌ಪಿ (ಹ್ಯೂಮನ್ ಫ್ರಾಂಟಿಯರ್ ಸೈನ್ಸ್ ಪ್ರೋಗ್ರಾಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ) ಮೂರು ವರ್ಷ ಕೊಡುತ್ತದೆ, ಆದರೆ ಹೊಸ ದೇಶದ ಜೊತೆಗೆ ಹೊಸ ವಿಷಯವನ್ನೂ ಕೇಳುತ್ತದೆ; ಹಲ್ಲಿಯಿಂದ ಮೀನಿಗೆ ಜಿಗಿದರೆ ಮಾತ್ರ ಸಾಲದು. ನಿಯಮಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆಯನ್ನೇ ಓದಿ.

ಸಂದರ್ಶನದಲ್ಲಿ ನೀವೂ ಕೇಳಬೇಕು. ನಾನು ಕೇಳದೆ ಬಿಟ್ಟ ಪ್ರಶ್ನೆ: ‘ಮಾದರಿಗಳು ಈಗ ಎಲ್ಲಿವೆ?’ ಬರುತ್ತವೆ ಎಂದ ಮಾದರಿಗಳಿಗೆ ಆ ದೇಶದ ಅನುಮತಿಯೇ ಸಿಗದೆ ನನ್ನ ಮೊದಲ ಎಂಟು ತಿಂಗಳು ಹೋದವು. 2014ರಲ್ಲಿ ನಗೋಯಾ ಒಪ್ಪಂದ ಜಾರಿಗೆ ಬಂದ ಮೇಲೆ ಒಂದು ದೇಶದ ಜೈವಿಕ ಮಾದರಿಯನ್ನು ಇನ್ನೊಂದು ದೇಶಕ್ಕೆ ಒಯ್ಯುವ ಮುನ್ನ ಒಪ್ಪಿಗೆ ಪತ್ರಗಳು ಬೇಕಾಗಬಹುದು. ಅವು ಕೈಯಲ್ಲಿವೆಯೇ ಎಂದು ಕೇಳಿ. ಮಾದರಿ ಹೇಗಿಟ್ಟಿದ್ದಾರೆ ಎಂದೂ ಕೇಳಿ. ಆಲ್ಕೋಹಾಲಿನಲ್ಲಿಟ್ಟ ಈಜುರೆಕ್ಕೆಯ ಚೂರು, ಚಿಕ್ಕ ತುಂಡುಗಳನ್ನು ಓದುವ ಶಾರ್ಟ್-ರೀಡ್ ಸೀಕ್ವೆನ್ಸಿಂಗ್‌ಗೆ ಸಾಕು. ಲಾಂಗ್-ರೀಡ್‌ಗೆ ಉದ್ದುದ್ದ ಡಿಎನ್‌ಎ ಬೇಕು, ಅದಕ್ಕೆ ತಕ್ಷಣ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಮೈನಸ್ 80 ಡಿಗ್ರಿಯಲ್ಲಿಟ್ಟ ಅಂಗಾಂಶ ಉತ್ತಮ.

ಆ ಲ್ಯಾಬಿನಲ್ಲಿ ಈಗಿರುವ ಪೋಸ್ಟ್‌ಡಾಕ್ ಒಬ್ಬರ ಜೊತೆ ಖಾಸಗಿಯಾಗಿ ಮಾತಾಡಿ. ಕೊನೆಗೆ, ಒಪ್ಪಿಕೊಳ್ಳುವ ಮೊದಲು, ಲ್ಯಾಬ್ ಬಿಡುವಾಗ ಯಾವ ಕೆಲಸವನ್ನು ನನ್ನದೆಂದು ಒಯ್ಯಬಹುದು ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ನನ್ನ ಮಾರ್ಗದರ್ಶಕರು ಎರಡೇ ಸಾಲು ಬರೆದಿದ್ದರು. ಆ ತಿರುವುಮುರುವಾದ ಕ್ರೋಮೋಸೋಮಿನ ಮೇಲೆ ಈಗ ನನ್ನ ಲ್ಯಾಬಿನ ಇಬ್ಬರು ವಿದ್ಯಾರ್ಥಿಗಳು ಕೆಲಸ ಮಾಡುತ್ತಿದ್ದಾರೆ.