ಟ್ಯೂಬಿನೊಳಗೆ ಡ್ಯೂರಾ ಹರಿದಾಗ

ಶಿವಮೊಗ್ಗದಲ್ಲಿ ಬೆನ್ನುಮೂಳೆ ಆಪರೇಷನ್ ಮಾಡುವ ನನ್ನ ಹತ್ತಿರ ಬರುವವರಲ್ಲಿ ಅಡಿಕೆ ತೋಟದವರು ಜಾಸ್ತಿ. ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ಕಾಲಿನ ನರ ಒತ್ತಿರುತ್ತದೆ. "ಸಣ್ಣ ತೂತಿನ ಆಪರೇಷನ್ ಅಲ್ವಾ ಡಾಕ್ಟ್ರೇ, ಏನೂ ಆಗಲ್ಲ ತಾನೇ?" ಎನ್ನುತ್ತಾರೆ. "ಆಗಬಹುದು ಯಜಮಾನ್ರೇ, ಕೂತ್ಕೊಳ್ಳಿ, ಹೇಳ್ತೀನಿ" ಎನ್ನುತ್ತೇನೆ.

ನಾನು ಹೆಚ್ಚಾಗಿ ಎದುರಿಸಿದ ತೊಡಕು ಡ್ಯೂರಾ ಹರಿಯುವುದು. ನರಗಳನ್ನೂ ಅವುಗಳ ಸುತ್ತಲಿನ ನೀರನ್ನೂ ಹಿಡಿದಿಡುವ ಪೊರೆ ಅದು. ವಯಸ್ಸಾದವರಲ್ಲಿ, ಮೊದಲೇ ಆಪರೇಷನ್ ಆದವರಲ್ಲಿ ಸುತ್ತಲಿನದಕ್ಕೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಹರಿಯುತ್ತದೆ. ಸಣ್ಣ ಗಾಯದ ಮೂಲಕ ಬೆನ್ನೊಳಗೆ ಇಳಿಸಿ ನಾನು ಕೆಲಸ ಮಾಡುವ ಟ್ಯೂಬಿನ ಅಗಲ 18 ಮಿಲಿಮೀಟರ್. ಎಲ್ಲ ಕೆಲಸ ಅಷ್ಟರೊಳಗೇ ಆಗಬೇಕು. ನೀರು ಕಂಡ ಕೂಡಲೇ ರಕ್ತ ಹೀರುವ ಸಕ್ಷನ್ ನಳಿಕೆಯನ್ನು ಸರಿಸುತ್ತೇನೆ, ಇಲ್ಲದಿದ್ದರೆ ನರದ ಎಳೆಯನ್ನೇ ಎಳೆದುಕೊಂಡುಬಿಡುತ್ತದೆ. ಆ ಜಾಗದ ಮೇಲೆ ಒದ್ದೆ ಹತ್ತಿಪಟ್ಟಿ ಇಟ್ಟು, ಡಿಸ್ಕ್ ಕೆಲಸ ಮುಗಿಸುತ್ತೇನೆ. ಆಮೇಲೆ ರಿಪೇರಿ. ಚಿಕ್ಕ ತೂತಾದರೆ ರೋಗಿಯದೇ ಕೊಬ್ಬಿನ ಚೂರು ಇಟ್ಟು ಮೇಲೆ ಫೈಬ್ರಿನ್ ಗ್ಲೂ ಎಂಬ ಅಂಟು ಹಾಕುತ್ತೇನೆ. ನರ ಹೊರಗೆ ಇಣುಕಿದ್ದರೆ ಹೊಲಿಯಲೇಬೇಕು. ಟ್ಯೂಬಿನಲ್ಲಿ ಸೂಜಿ ತಿರುಗದಿದ್ದರೆ ಗಾಯ ದೊಡ್ಡದು ಮಾಡುತ್ತೇನೆ. ಹಾಗೆ ಮಾಡಲು ಯಾವ ಸರ್ಜನ್ನೂ ಸಂಕೋಚಪಡಬಾರದು. ಟ್ಯೂಬಿನಿಂದ ಒಂದು ಅನುಕೂಲವೂ ಇದೆ. ಅದನ್ನು ತೆಗೆದೊಡನೆ ಮಾಂಸಖಂಡ ಕೂಡಿಕೊಳ್ಳುತ್ತದೆ, ನೀರು ತುಂಬಿಕೊಳ್ಳಲು ಹೆಚ್ಚು ಜಾಗ ಸಿಗುವುದಿಲ್ಲ. ಮರುದಿನ ಎದ್ದು ಕೂತರೆ ತಲೆನೋವು, ಮಲಗಿದರೆ ಹಗುರ ಎಂದರೆ ಇನ್ನೂ ಸೋರುತ್ತಿರಬಹುದು.

ತಪ್ಪು ಡಿಸ್ಕ್‌ಗೆ ಕೈ ಹಾಕುವ ಅಪಾಯವೂ ಉಂಟು. ಕೆಲವರಲ್ಲಿ ಸೊಂಟದ ಮೂಳೆಗಳ ಎಣಿಕೆಯೇ ಬೇರೆ. ಕೊಯ್ಯುವ ಮುಂಚೆ ಒಮ್ಮೆ, ಟ್ಯೂಬ್ ಕೂರಿಸಿದ ಮೇಲೆ ಇನ್ನೊಮ್ಮೆ ಸಿ-ಆರ್ಮ್‌ನಲ್ಲಿ, ಅಂದರೆ ಆಪರೇಷನ್ ಟೇಬಲ್ ಮೇಲೇ ಎಕ್ಸ್‌ರೇ ತೋರಿಸುವ ಯಂತ್ರದಲ್ಲಿ, ನೋಡುತ್ತೇನೆ.

ನನಗೆ ನಿಜವಾದ ಭಯ ಒಳಗೆ ರಕ್ತ ಹೆಪ್ಪುಗಟ್ಟುವುದರದ್ದು. ಅಪರೂಪ, ಆದರೆ ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ನೋವು ಏರುತ್ತದೆ, ಪಾದ ಸೋಲುತ್ತದೆ, ಮೂತ್ರ ಕಟ್ಟುತ್ತದೆ. ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ತಕ್ಷಣ ಎಂಆರ್‌ಐ ಮಾಡಿಸಿ, ಮತ್ತೆ ತೆರೆದು ರಕ್ತ ತೆಗೆಯಬೇಕು. ಅದಕ್ಕೇ ಹೊಸನಗರ, ಆಗುಂಬೆ ಕಡೆಯವರನ್ನು ನಾನು ಅದೇ ದಿನ ಮನೆಗೆ ಕಳಿಸುವುದಿಲ್ಲ. ಮಳೆಗಾಲದಲ್ಲಂತೂ ಮರ ಬಿದ್ದು ರಸ್ತೆ ಬಂದ್ ಆದರೆ ರೋಗಿಯ ಕಾಲೇ ಹೋದಂತೆ.

ಸೋಂಕು ನಿಧಾನ. ಎರಡು ಮೂರು ವಾರ ಚೆನ್ನಾಗಿದ್ದವರಿಗೆ ಬೆನ್ನುನೋವು ಜೋರಾಗಿ ಮರಳುತ್ತದೆ, ಮಲಗಿದರೂ ತಗ್ಗುವುದಿಲ್ಲ. ಜ್ವರ ಇಲ್ಲದೆಯೂ ಇರಬಹುದು. ತೋಟಕ್ಕೆ ಹೋಗಿದ್ದಕ್ಕೆ ಹೀಗಾಯಿತು ಎಂದುಕೊಂಡು ಎಣ್ಣೆ ತಿಕ್ಕಿಸಿ ದಿನ ಕಳೆಯುತ್ತಾರೆ. ಬೇಕಾಗಿರುವುದು ರಕ್ತಪರೀಕ್ಷೆ. ನೆಟ್‌ವರ್ಕ್ ಸಿಗದ ಮನೆಗಳು ಬಹಳ. ಹಾಗಾಗಿ ಯಾವ ಲಕ್ಷಣ ಕಂಡರೆ ಫೋನಿಗೆ ಕಾಯದೆ ಹೊರಡಬೇಕು ಎಂದು ಮನೆಯವರನ್ನು ಕೂರಿಸಿ ಹೇಳುತ್ತೇನೆ, ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡುತ್ತೇನೆ.