ಬೇರಿಯಾಟ್ರಿಕ್ ಆಪರೇಷನ್ ಆದ ಮೇಲೆ ಇಳಿದ ತೂಕ ಮತ್ತೆ ಏರದಂತೆ ನೋಡಿಕೊಳ್ಳುವ ಬಗೆ

ಬೇರಿಯಾಟ್ರಿಕ್ ಅಂದರೆ ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡುವ ಆಪರೇಷನ್. ಅದರಲ್ಲಿ ಮುಖ್ಯವಾಗಿ ಎರಡು ಬಗೆ: ಸ್ಲೀವ್ ಮತ್ತು ಬೈಪಾಸ್. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಸಣ್ಣ ಕೊಳವೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಮಾಡುವ, ಊಟ ಬೀಳುವ ಚೀಲ ಶುರುವಿಗೆ 30 ಮಿ.ಲೀ. ಆಸುಪಾಸು. ಎರಡರಲ್ಲೂ ತೂಕ ಹೆಚ್ಚಾಗಿ ಇಳಿಯುವುದು ಮೊದಲ ಒಂದು, ಒಂದೂವರೆ ವರ್ಷದಲ್ಲಿ. ಆಮೇಲೆ ಹಸಿವು ನಿಧಾನಕ್ಕೆ ಮರಳುತ್ತದೆ, ಒಂದು ಹೊತ್ತಿಗೆ ಹಿಡಿಸುವ ಊಟವೂ ಹೆಚ್ಚುತ್ತದೆ. ಎರಡು ಮೂರು ಕಿಲೋ ಏರಿ ಅಲ್ಲೇ ನಿಂತರೆ ಗಾಬರಿಪಡಬೇಡಿ. ತಿಂಗಳು ತಿಂಗಳೂ ಏರುತ್ತಿದ್ದರೆ ಕಾರಣ ಹುಡುಕಲೇಬೇಕು. ಹುಡುಕುವಾಗ ಊಟದ ತಟ್ಟೆಗಿಂತ ಮೊದಲು ಕಾಫಿ ಲೋಟವನ್ನೂ ಕುರುಕಲು ಡಬ್ಬಿಯನ್ನೂ ನೋಡಿ.

ಜಾರಿಹೋಗುವ ತಿನಿಸು

ಕಾಳು, ಪನೀರ್, ಮೊಟ್ಟೆ, ಕೋಳಿ, ತರಕಾರಿ ಪಲ್ಯ ಇಂಥವು ಸಣ್ಣ ಜಠರದಲ್ಲಿ ಸ್ವಲ್ಪ ಹೊತ್ತು ಕೂರುತ್ತವೆ, ಅದಕ್ಕೇ ಬೇಗ ಹೊಟ್ಟೆ ತುಂಬುತ್ತದೆ. ಮೆತ್ತಗೆ ಕಲಸಿದ ಮೊಸರನ್ನ, ಪಾಯಸ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ಬಾಯಲ್ಲೇ ಪುಡಿಯಾಗುವ ಖಾರ ಮಿಕ್ಸ್ಚರ್, ಚಕ್ಕುಲಿ ಇವು ಕೂರುವುದಿಲ್ಲ, ಜಾರಿಹೋಗುತ್ತವೆ. ಎರಡು ಮೊಟ್ಟೆ ತಿನ್ನಲಾಗದವರೂ ಒಂದು ಗಂಟೆಯಲ್ಲಿ ಮಿಕ್ಸ್ಚರ್ ಪೊಟ್ಟಣ ಖಾಲಿ ಮಾಡಬಲ್ಲರು. ಆಪರೇಷನ್ ಇಂಥ ತಿನಿಸನ್ನು ತಡೆಯುವುದಿಲ್ಲ, ಇದನ್ನು ಮನೆಯವರಿಗೂ ತಿಳಿಸಿ ಹೇಳಬೇಕು.

ಕಾಫಿಯ ಲೆಕ್ಕ ಹಾಕಿ ನೋಡಿ. 100 ಮಿ.ಲೀ. ಹಾಲಿಗೆ ಎರಡು ಚಮಚ ಸಕ್ಕರೆ ಅಂದರೆ ಸುಮಾರು 100 ಕ್ಯಾಲೊರಿ. ದಿನಕ್ಕೆ ನಾಲ್ಕು ಸಲ ಕುಡಿದರೆ 400. ದಿನಕ್ಕೆ 1,200 ಕ್ಯಾಲೊರಿಯಲ್ಲಿ ತೂಕ ಕಾಯ್ದುಕೊಳ್ಳಬೇಕಾದವರಿಗೆ ಅದು ಮೂರನೇ ಒಂದು ಪಾಲು, ಹಸಿವನ್ನಂತೂ ಒಂದಿಷ್ಟೂ ತಗ್ಗಿಸುವುದಿಲ್ಲ. ಎರಡು ಸಲಕ್ಕೆ ಇಳಿಸಿ, ಸಕ್ಕರೆ ಬಿಡಿ. ಜ್ಯೂಸ್, ಕಬ್ಬಿನ ಹಾಲು, ಮಾಲ್ಟ್ ಪುಡಿ ಬೆರೆಸಿದ ಹಾಲು ಎಲ್ಲಕ್ಕೂ ಇದೇ ಲೆಕ್ಕ.

ಪ್ರೋಟೀನ್ ಎಲ್ಲಿಂದ

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಕಡಿಮೆಯಾದರೆ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುವ ಕ್ಯಾಲೊರಿಯೂ ತಗ್ಗುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ‘ದಿನಾ ಬೇಳೆ ತಿಂತೀವಲ್ಲ’ ಎನ್ನುವ ಮಾತು ಬರುತ್ತದೆ. ಒಂದು ಹಿಡಿ ತೊಗರಿಬೇಳೆಯಲ್ಲಿ ನಾಲ್ವರಿಗೆ ಮಾಡಿದ ತಿಳಿಸಾರಿನಿಂದ ಒಬ್ಬೊಬ್ಬರಿಗೆ ಸಿಗುವುದು ಎರಡು ಗ್ರಾಂ ಇದ್ದರೆ ಹೆಚ್ಚು. ನಿಮ್ಮ ಪಾಲಿಗೆ 30 ಗ್ರಾಂ ಬೇಳೆ ಬೇರೆಯಾಗಿ ಬೇಯಿಸಿ ಗಟ್ಟಿ ಹುಳಿ ಮಾಡಿದರೆ ಆರು ಗ್ರಾಂ ದಕ್ಕುತ್ತದೆ.

ಸಸ್ಯಾಹಾರಿಯ ಒಂದು ದಿನ ಹೀಗಿರಬಹುದು. ಬೆಳಿಗ್ಗೆ 40 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಒಳಗೆ 25 ಗ್ರಾಂ ಪನೀರ್ ತುರಿ (14 ಗ್ರಾಂ). ಮಧ್ಯಾಹ್ನ ಒಣಗಿದ್ದಾಗ ತೂಗಿದ 25 ಗ್ರಾಂ ಸೋಯಾ ಚಂಕ್ಸ್‌ನ ಪಲ್ಯ, ಗಟ್ಟಿ ಹುಳಿ (19). ಸಂಜೆ 30 ಗ್ರಾಂ ಹುರಿಗಡಲೆ, ಸ್ವಲ್ಪ ಗಟ್ಟಿ ಮೊಸರು (10). ರಾತ್ರಿ 75 ಗ್ರಾಂ ಪನೀರ್, ತರಕಾರಿ (13). ಮಲಗುವ ಮುಂಚೆ 200 ಮಿ.ಲೀ. ಹಾಲು (6). ಒಟ್ಟು 62. ಇದರ ಜೊತೆಗೆ ಜಾಗ ಉಳಿದರಷ್ಟೇ ಅನ್ನ ಅಥವಾ ಚಪಾತಿ. ಮಾಂಸ ತಿನ್ನುವವರಿಗೆ ಸಲೀಸು: ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿಯಲ್ಲಿ ಸುಮಾರು 27, ಮೀನಿನಲ್ಲಿ 20.

ತಿನ್ನುವ ರೀತಿ

ಊಟಕ್ಕೆ ಕೂತಾಗ ನೀರಿನ ಲೋಟ ಹತ್ತಿರ ಇರಬಾರದು. ಊಟದ ಜೊತೆ ನೀರು ಕುಡಿದರೆ ಜಠರ ಬೇಗ ಖಾಲಿಯಾಗಿ ಮತ್ತೆ ಹಸಿವಾಗುತ್ತದೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಊಟ ಮುಗಿದು ಅರ್ಧ ಗಂಟೆ ಬಿಟ್ಟು ಶುರುಮಾಡಿ, ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ, ಎರಡು ಲೀಟರ್ ಕುಡಿಯಿರಿ. ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಕೊನೆಗೆ ಅನ್ನ. ಇಪ್ಪತ್ತು ನಿಮಿಷ ಹಿಡಿಯಲಿ, ಅರ್ಧ ಗಂಟೆ ದಾಟುವುದು ಬೇಡ.

ಮುದ್ದೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿ. ಆಪರೇಷನ್ ಆದವರಿಗೆ ಆ ತುತ್ತು ಮೇಲೆಯೇ ಸಿಕ್ಕಿಕೊಳ್ಳುತ್ತದೆ: ಎದೆ ಒತ್ತಿದಂತಾಗುತ್ತದೆ, ಬಾಯಿ ತುಂಬ ಜೊಲ್ಲು, ನೊರೆ ಬರುತ್ತದೆ. ರಾಗಿ ಬೇಕೆನಿಸಿದರೆ ತೆಳುವಾದ ರೊಟ್ಟಿ ಮಾಡಿಕೊಂಡು ಚೆನ್ನಾಗಿ ಅಗಿದು ತಿನ್ನಿ.

ಬಿಕ್ಕಳಿಕೆ, ಮೂಗು ಸೋರುವುದು, ಎದೆಗೂಡಿನ ಕೆಳಗೆ ಬಿಗಿತ ಇವು ‘ಸಾಕು’ ಎನ್ನುವ ಸೂಚನೆ. ಒಂದೇ ಒಂದು ತುತ್ತು ಉಳಿದಿದ್ದರೂ ಅಲ್ಲಿಗೇ ನಿಲ್ಲಿಸಿ. ಎಲೆಯಲ್ಲಿ ಬಿಡಬಾರದು ಎಂದು ಬೆಳೆದವರಿಗೆ ಇದು ಕಷ್ಟ, ಹಾಗಾಗಿ ಬಡಿಸಿಕೊಳ್ಳುವಾಗಲೇ ಕಡಿಮೆ ಹಾಕಿಸಿಕೊಳ್ಳಿ. ಮದುವೆ ಊಟದಲ್ಲಿ ಕೋಸಂಬರಿ, ಪಲ್ಯದಿಂದ ಶುರುಮಾಡಿ. ಹೋಳಿಗೆ, ಪಾಯಸ ತಿಂದ ಹದಿನೈದು ನಿಮಿಷ, ಅರ್ಧ ಗಂಟೆಯೊಳಗೆ ಎದೆ ಬಡಿತ, ಬೆವರು, ಭೇದಿ ಆದರೆ ಅದು ಡಂಪಿಂಗ್ (ಸಿಹಿ ಒಮ್ಮೆಲೇ ಕರುಳಿಗೆ ನುಗ್ಗುವುದು), ಬೈಪಾಸ್ ಆದವರಲ್ಲಿ ಹೆಚ್ಚು. ಒಂದರಿಂದ ಮೂರು ಗಂಟೆ ಬಿಟ್ಟು ಕೈ ನಡುಗಿದರೆ ರಕ್ತದ ಸಕ್ಕರೆ ಕುಸಿದಿರಬಹುದು. ಇದು ಮತ್ತೆ ಮತ್ತೆ ಆದರೆ ವೈದ್ಯರಿಗೆ ಹೇಳಿ. ಪ್ರತಿಸಲ ಸಿಹಿ ತಿಂದು ಸರಿಮಾಡಿಕೊಳ್ಳುತ್ತಾ ಹೋದರೆ ಅದೇ ಚಕ್ರ ಮುಂದುವರಿಯುತ್ತದೆ, ತೂಕವೂ ಏರುತ್ತದೆ. ಮದ್ಯವಂತೂ ಮೊದಲಿಗಿಂತ ಬೇಗ ತಲೆಗೇರುತ್ತದೆ, ಬಿಟ್ಟರೇ ಒಳ್ಳೆಯದು.

ಮಾತ್ರೆ, ನಡಿಗೆ, ತಕ್ಕಡಿ

ಮಾತ್ರೆಗಳು ಜೀವನಪೂರ್ತಿ. ಸಿಟ್ರೇಟ್ ರೂಪದ ಮಾತ್ರೆಯಿಂದ ಸಿಗುವ ಕ್ಯಾಲ್ಸಿಯಂ ದಿನಕ್ಕೆ 1,200ರಿಂದ 1,500 ಮಿ.ಗ್ರಾಂ., ಒಂದು ಸಲಕ್ಕೆ 500-600ಕ್ಕಿಂತ ಹೆಚ್ಚು ಬೇಡ. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆ ಕಾಫಿ, ಚಹಾದ ಜೊತೆ ಬೇಡ. ಥೈರಾಯ್ಡ್ ಮಾತ್ರೆ ಇದ್ದರೆ ಈ ಎರಡಕ್ಕೂ ನಾಲ್ಕು ಗಂಟೆ ದೂರ. ಬಿ12, ವಿಟಮಿನ್ ಡಿ, ಕಬ್ಬಿಣಾಂಶದ ರಕ್ತಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲಿ. ರಕ್ತ ಕಡಿಮೆಯಾಗಿ ಸುಸ್ತಾದವರು ನಡಿಗೆ ಬಿಡುತ್ತಾರೆ, ತೂಕ ಏರಲು ಅದೂ ಒಂದು ದಾರಿ.

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಕನಿಷ್ಠ. ವಾರಕ್ಕೆರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ: ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲದಂತೆ ಮೂರು ಸುತ್ತು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು ಅಷ್ಟೇ ಸುತ್ತು.

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ ಬರೆದಿಡಿ. ಏರಿಕೆ ಐದು ಕಿಲೋ ಮುಟ್ಟುವವರೆಗೆ ಕಾಯಬೇಡಿ. ಏಳು ದಿನ ತಿಂದಿದ್ದು, ಕುಡಿದಿದ್ದೆಲ್ಲ ಬರೆದು, ಆ ಹಾಳೆ ಹಿಡಿದು ಡಯಟಿಷಿಯನ್ ಹತ್ತಿರ ಹೋಗಿ. ಊಟ ಸರಿಯಿದ್ದೂ ಏರುತ್ತಿದ್ದರೆ ಸರ್ಜನ್ ಎಂಡೋಸ್ಕೋಪಿ ಮಾಡಿ ನೋಡಬಹುದು, ಹಸಿವು ತಗ್ಗಿಸುವ ಇಂಜೆಕ್ಷನ್ ಕೂಡ ಕೊಡಬಹುದು. ಆ ಇಂಜೆಕ್ಷನ್ ನೀವಾಗಿಯೇ ಕೊಂಡು ಹಾಕಿಕೊಳ್ಳಬೇಡಿ.

ತೂಕ ಇಳಿಯುತ್ತಿದೆಯಲ್ಲ ಎಂದು ವಾಂತಿಯನ್ನು ಸಹಿಸಿಕೊಂಡು ಕೂರುವವರಿದ್ದಾರೆ, ಅದು ಅಪಾಯ. ಎರಡು ಮೂರು ದಿನ ಬಿಡದೆ ವಾಂತಿಯಾದರೆ ವಿಟಮಿನ್ ಬಿ1 ಕುಸಿದು ಕಾಲು ಜೋಮು, ತೂರಾಟ, ಒಂದು ಎರಡಾಗಿ ಕಾಣುವುದು ಶುರುವಾಗಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ, ಡ್ಯೂಟಿಯಲ್ಲಿರುವ ಡಾಕ್ಟರಿಗೆ ಮೊದಲೇ ‘ಬೇರಿಯಾಟ್ರಿಕ್ ಆಪರೇಷನ್ ಆಗಿದೆ’ ಎನ್ನಿ. ಗ್ಲೂಕೋಸ್ ಡ್ರಿಪ್‌ಗೆ ಮುಂಚೆ ಬಿ1 ಇಂಜೆಕ್ಷನ್ ಕೊಡಬೇಕಾಗುತ್ತದೆ.